ಖಾಲಿ ಲಾಂಚಿನ ಓಟ

ಭಾವ, ಲಾಂಚು ತಾನು ನಿಲ್ಲುವ ಧಕ್ಕೆಯ ಕಲ್ಲಿಗೇ ಬಡಿದದ್ದು ನಿಮ್ಮ ಕೈತಪ್ಪಿನಿಂದಲ್ಲ. ಪಂಖಾ ತಪ್ಪಿತ್ತು. ಅದನ್ನು ಆರಿಸಿದವನು ನಾನು. ತಪ್ಪೆಂದು ತಿಳಿದೇ ಆರಿಸಿದೆ, ಆಮೇಲೆ ತಿಳಿದೇ ಸುಮ್ಮನಿದ್ದೆ.

"ತಿಳಿದೇ" — ಈ ಪದವನ್ನು ಹೊಡೆದುಹಾಕಲು ಈಗಲೂ ಕೈ ಹೋಗುತ್ತದೆ. ಬಿಡುವುದಿಲ್ಲ.

ಬೈಕುಲ್ಲಾದಲ್ಲಿ ಖಾನಾವಳಿ ನಡೆಸುವ ಶೀನಪ್ಪಣ್ಣ, ಕೊಲ್ಲಿಯಾಚೆಯಿಂದ ತರಕಾರಿಯನ್ನೂ ಜನರನ್ನೂ ತರಲೆಂದು ಹಳೆಯ ಲಾಂಚು ಕೊಂಡು ನಿಮ್ಮನ್ನು ತಾಂಡೇಲನನ್ನಾಗಿ ಮಾಡಿದ್ದರು. ಚುಕ್ಕಾಣಿ ನಿಮ್ಮದು. ನೀರಿನಡಿ ತಿರುಗಿ ಲಾಂಚನ್ನು ತಳ್ಳುವ ಪಂಖಾ ಮುರಿದಾಗ, ಇಂಗ್ಲಿಷ್ ಬಲ್ಲವನೆಂದು ಹೊಸದನ್ನು ನೋಡಲು ನನ್ನನ್ನು ಕಳಿಸಿದರು. ಅಂಗಡಿಯಲ್ಲಿ ಮೂರು ಇದ್ದವು. ರೆಕ್ಕೆಯ ಓರೆ ಕಡಿಮೆಯಿದ್ದದ್ದು ಹೊರಟ ಕೂಡಲೇ ಎಳೆಯುತ್ತದೆ, ಆಮೇಲೆ ಹೆಚ್ಚು ಓಡುವುದಿಲ್ಲ. ಓರೆ ಹೆಚ್ಚಿದ್ದದ್ದು ತೆರೆದ ನೀರಿನಲ್ಲಿ ಹಾರುತ್ತದೆ, ಭಾರ ಹೇರಿದರೆ ಎಂಜಿನ್ನು ಏದುಸಿರು ಬಿಡುತ್ತದೆ. ಮೂರನೆಯದು ಇವೆರಡರ ನಡುವಿನದು.

ನೀವು ಎಳೆತದ ಪಕ್ಷ, ನಾನು ವೇಗದ ಪಕ್ಷ. ಖಾನಾವಳಿಯ ಬೆಂಚಿನಲ್ಲಿ ವಾದ ನಡೆದು, ಶೀನಪ್ಪಣ್ಣನ ತೀರ್ಪು ನನ್ನ ಕಡೆಗೆ ವಾಲಿತು. ಆದರೆ ಕೊಳ್ಳಲು ಹೋದಾಗ ಅಂಗಡಿಯವನು ನನ್ನೊಬ್ಬನಿಗೇ ಹೇಳಿದ: "ಬೀಚ್‌ವಾಲಾ ಲೇ ಜಾವ್. ಪೂರಾ ಮಾಲ್ ಭರ್‌ಕೆ ಚಲಾವ್, ಫಿರ್ ದೇಖೋ." ನಡುವಿನದನ್ನು ಒಯ್ಯು, ಪೂರ್ತಿ ಸರಕು ತುಂಬಿ ಓಡಿಸಿ ನೋಡು. ಸರಿಯೆಂದು ನನಗೂ ಹೊಳೆಯಿತು. ಆದರೆ ವಿಲೆ ಪಾರ್ಲೆಯ ಕಾಲೇಜಿನಲ್ಲಿ ನಾನು ಪಳಗಿದ ಚರ್ಚಾಕೂಟದಲ್ಲಿ ಪರ ಉಂಟು, ವಿರೋಧ ಉಂಟು. ನಡುವೆ ನಿಂತವನಿಗೆ ಬಹುಮಾನವಿಲ್ಲ. ನಡುವಿನದನ್ನು ತಂದರೆ ಅರ್ಧ ಸೋತಂತೆ — ಅದೂ ನಿಮ್ಮೆದುರು... ದೇವರಿಗೂ ಜಾತಕಕ್ಕೂ ಪುರಾವೆ ಕೇಳುತ್ತಿದ್ದವನು, ಕೈಗೆ ಬಂದ ಪುರಾವೆಯನ್ನು ನುಂಗಿ ಓರೆ ಹೆಚ್ಚಿದ್ದದ್ದನ್ನೇ ತಂದೆ.

ಪಂಖಾ ಕೂಡಿಸಿ ಲಾಂಚು ಪರೀಕ್ಷಿಸುವ ದಿನ ನೀವು ಕೇಳಿದಿರಿ: "ಮೂಟೆ ಹಾಕಿ ಒಮ್ಮೆ ನೋಡುವ ಮಾರಾಯ."

"ಮಹಾಲಕ್ಷ್ಮಿ ರೇಸಿನ ಕುದುರೆಗೆ ಅಕ್ಕಿಮೂಟೆ ಹೇರ್ತಾರಾ ಭಾವ?"

ಧಕ್ಕೆಯಲ್ಲಿದ್ದವರೆಲ್ಲ ನಕ್ಕರು. "ಇವನ ಬಾಯಿಗೆ ಬ್ರೇಕಿಲ್ಲ" ಎಂದು ನೀವೂ ನಕ್ಕಿರಿ. ಖಾಲಿ ಲಾಂಚು ಬಾಣದಂತೆ ಹೋಯಿತು.

ಬುಟ್ಟಿ, ಜನ ತುಂಬಿದ ಮೇಲೆ ಅದು ಕಪ್ಪು ಹೊಗೆ ಕಾರುತ್ತ ತೆವಳಿತು. ನೀವು ದೂರಲಿಲ್ಲ. ಹಾಗೆ ತುಂಬಿಕೊಂಡು ಒಂದು ಮಧ್ಯಾಹ್ನ ಧಕ್ಕೆ ಬಿಡುವಾಗ ಇಳಿತದ ಸೆಳೆತ ಲಾಂಚನ್ನು ಕಲ್ಲಿನತ್ತ ತಳ್ಳಿತು. ತಪ್ಪಿಸಿಕೊಳ್ಳಲು ಬೇಕಾಗಿದ್ದದ್ದು ಒಂದೇ ಒಂದು ಜಗ್ಗು — ಅದು ಬರಲಿಲ್ಲ. ಹಲಗೆ ಒಡೆದು ನೀರು ನುಗ್ಗಿತು. ಎಲ್ಲರನ್ನೂ ಮೆಟ್ಟಿಲಿಗೆ ಹತ್ತಿಸಿ ನೀವು ಕೊನೆಯಲ್ಲಿ ಹತ್ತಿದಿರಿ.

ಶೀನಪ್ಪಣ್ಣ ನನ್ನನ್ನೇ ಕೇಳಿದರು: "ನೀನು ಓದಿದವ, ಹೇಳು. ತಪ್ಪು ಪಂಖಾದ್ದಾ, ಇವನ ಕೈಯದ್ದಾ?"

"ಟ್ರಯಲ್‌ನಲ್ಲಿ ಚೆನ್ನಾಗಿಯೇ ಓಡಿತ್ತಲ್ಲ" ಎಂದೆ.

ಅದು ಸುಳ್ಳಲ್ಲ — ನೋಡಿ, ಈಗಲೂ ವಾದ! ಒಂದಕ್ಷರ ಸುಳ್ಳಿಲ್ಲದೆ ನಿಮ್ಮ ಹೆಸರು ಕೆಡಿಸಿದೆ.

ಆವತ್ತಿನಿಂದ ನೀವು ಖಾನಾವಳಿಯ ಹಣದ ಗಲ್ಲೆಯ ಹಿಂದೆ. ನಾನು ದಾದರಿನ ಚಾಳಿನಲ್ಲಿ ನಿಮ್ಮದೇ ಕೋಣೆಯಲ್ಲಿ. ಮಗ್ಗುಲು ಬದಲಿಸಿದರೆ ನಿಮ್ಮ ಚಾಪೆ. ಅಕ್ಕ ಬಡಿಸುವಾಗ ಮೀನಿನ ದೊಡ್ಡ ತುಂಡು ನನಗೇ ಹಾಕಿಸುತ್ತೀರಿ. ಬೇರೆ ಕೋಣೆ ಹಿಡಿಯೋಣವೆಂದರೆ ಕಾರಣ ಹೇಳಬೇಕು. ಕಾರಣ ಹೇಳಿದರೆ — ಹೀಗೆಯೇ ವರ್ಷಗಳು ಹೋದವು.

ನಿನ್ನೆ ಶೀನಪ್ಪಣ್ಣ ಹೊಸ ಲಾಂಚಿನ ಮಾತೆತ್ತಿ, "ನೀನೇ ಹಿಡಿತೀಯಾ?" ಎಂದು ನಿಮ್ಮನ್ನು ಕೇಳಿದರು. ನೀವು ಅಂಗೈ ನೋಡಿಕೊಂಡಿರಿ. "ಬೇಡ ಅಣ್ಣ. ಈ ಕೈ ನಂಬಿ ಜನ ಹತ್ತಿಸುವುದು ಬೇಡ."

ನಿಮ್ಮ ಕೆಲಸ ಕಳೆದೆನೆಂದಷ್ಟೇ ತಿಳಿದಿದ್ದೆ. ನನ್ನ ಮಾತನ್ನು ನೀವೂ ನಂಬಿದ್ದೀರೆಂದು...

ಇದನ್ನು ಓದಿ ಮುಗಿಸಿದ ಮೇಲೆ ನನ್ನೊಡನೆ ಬೈಕುಲ್ಲಾಕ್ಕೆ ಬನ್ನಿ. ಶೀನಪ್ಪಣ್ಣನ ಮುಂದೆ, ಅಲ್ಲಿ ಉಣ್ಣುವವರೆಲ್ಲರ ಮುಂದೆ ನಾನೇ ಹೇಳುತ್ತೇನೆ. ಅವರು ಬೈಯಲು ಶುರು ಮಾಡಿದರೆ, "ಹುಡುಗ, ಬಿಡಿ" ಎಂದು ನನ್ನ ಪರ ಮಾತಾಡಲು ನೀವು ಏಳುತ್ತೀರಿ, ನನಗೆ ಗೊತ್ತು. ಏಳಬೇಡಿ ಭಾವ.