ಬಲ್ಬ್ ತೆಗೆದ ರೇಡಿಯೋ

...ಅಲ್ಲ, ನಿನ್ನೆ ಬರೆದದ್ದು ತಪ್ಪು. ನನ್ನ ಲಿನಕ್ಸ್ ಲ್ಯಾಪ್‌ಟಾಪ್ ಬೂಟ್ ಆಗುತ್ತಿಲ್ಲ ಎಂದಿದ್ದೆನಲ್ಲ, ಅದು ಆಗುತ್ತಲೇ ಇತ್ತು. ಅಡಿಲೇಡ್‌ನಲ್ಲಿರುವ ಗೆಳೆಯ ಗೋಪಿ ಫೋನ್ ಮಾಡಿ, "ಸ್ಕ್ರೀನ್ ಮೇಲೆ ಓರೆಯಾಗಿ ಟಾರ್ಚ್ ಬಿಟ್ಟು ನೋಡಯ್ಯ" ಎಂದ. ಬಿಟ್ಟೆ. ಕಪ್ಪು ಪರದೆಯೊಳಗೆ ಮಸುಕಾಗಿ, ತೀರಿಹೋದ ನನ್ನ ಹೆಂಡತಿ ಸರೋಜ ಎಂದಿನಂತೆ ಫೋಟೋದಲ್ಲಿ ನಗುತ್ತಿದ್ದಳು. ಹೋಗಿದ್ದು ಬೆಳಕು ಮಾತ್ರ.

ತಕ್ಷಣ ಮೈಸೂರಿನ ಮನೆಯ ರೇಡಿಯೋ ನೆನಪಾಯಿತು. ಕಾದ ವಾಲ್ವಿನ ವಾಸನೆ, ಮೇಲೆ ಅಮ್ಮನ ಕಸೂತಿ ಬಟ್ಟೆ, ಡಯಲಿನ ಹಳದಿ ಬೆಳಕಿನ ಮುಖ. ಪರೀಕ್ಷೆ ಹತ್ತಿರ ಬಂದಾಗ ಆ ಬೆಳಕು ಆರಿತು. "ಕೆಟ್ಟೋಯ್ತು ಕಣೋ, ಓದ್ಕೋ ಹೋಗು" ಎಂದರು ಅಪ್ಪ. ನಂಬಿದೆ, ಅತ್ತೂ ಬಿಟ್ಟೆ. ಒಂದು ದಿನ ಶಾಲೆಯಿಂದ ಬೇಗ ಬಂದು ನೋಡಿದರೆ, ಅಪ್ಪ ಆ ಬಟ್ಟೆಯೊಳಗೆ ತಲೆ ತೂರಿಸಿ ಕ್ರಿಕೆಟ್ ಕಾಮೆಂಟರಿ ಕೇಳುತ್ತಿದ್ದರು! ರೇಡಿಯೋದ ಪುಟ್ಟ ಬಲ್ಬ್ ಸಾಸಿವೆ ಡಬ್ಬಿಯಲ್ಲಿತ್ತು. ಅಂದರೆ ಅಮ್ಮನೂ ಸೇರಿದ್ದಳು. ಮುಂದೆ ಲಾ ಕಾಲೇಜಿನಲ್ಲಿ ಇದಕ್ಕೆ ಬ್ರೀಚ್ ಆಫ್ ಟ್ರಸ್ಟೋ, ನಂಬಿಕೆ ದ್ರೋಹವೋ ಏನೋ ಅನ್ನುತ್ತಿದ್ದರು.

ಮಧ್ಯಾಹ್ನ ಮಗಳನ್ನು, ಲ್ಯಾಪ್‌ಟಾಪಿನ ಬೆಳಕು ತೆಗೆದದ್ದು ನೀನೇನಾ ಎಂದು ಕೇಳಿದೆ.

"ಹೌದಪ್ಪ, ನಾನೇ. ಆನ್ ಮಾಡಿದಾಗೆಲ್ಲ ಬ್ರೈಟ್‌ನೆಸ್ ಝೀರೋ ಆಗೋ ಹಾಗೆ ಸೆಟ್ ಮಾಡಿದ್ದೆ. ಇಡೀ ದಿನ ಅಮ್ಮನ ಫೋಟೋ ಮುಂದೆ ಕೂತಿರ್ತೀರ. ಕೆಟ್ಟಿದೆ ಅಂದ್ಕೊಂಡ್ರೆ ಲೇಕ್ ಕಡೆ ವಾಕ್ ಆದ್ರೂ ಹೋಗ್ತೀರ ಅಂತ."

"ಥೇಟ್ ನಿಮ್ಮ ತಾತನೇ ಕಣೇ ನೀನು. ಸರಿ ಮಾಡಿಕೊಡು."

"ವೀಕೆಂಡ್ ನೋಡೋಣಪ್ಪ."

ಕಿಟಕಿಯಾಚೆ, ಮಗಳ ಮನೆಯಿರುವ ಈ ಸ್ಪ್ರಿಂಗ್‌ಫೀಲ್ಡ್ ಲೇಕ್ಸ್ ಬಡಾವಣೆಯಲ್ಲಿ ಬೆಳಕು ಹೋಗುತ್ತಿದೆ. ಇಲ್ಲಿಗೆ ನಿಲ್ಲಿಸುತ್ತೇನೆ. ನಾನು ಬರೆಯುತ್ತಿರುವುದು ಫೋನಿನಲ್ಲಿ, ಟಾರ್ಚೂ ಇದರದೇ; ಬರೆಯುತ್ತಾ ಲ್ಯಾಪ್‌ಟಾಪಿಗೆ ಬೆಳಕು ಹಿಡಿಯಲಾಗದು. ಕತ್ತಲಾದಷ್ಟೂ ಅವಳ ಮುಖ ಚೆನ್ನಾಗಿ ಕಾಣುತ್ತದೆ.