ದಿಂಬಕ್ಕ ಕೇಳುತ್ತಿದ್ದ ಪ್ರಶ್ನೆ

ಎದೆರೋಗದ ವಾರ್ಡಿನಲ್ಲಿ ಅವರನ್ನು ಎಲ್ಲರೂ ದಿಂಬಕ್ಕ ಎನ್ನುತ್ತಿದ್ದರು. ಉಬ್ಬಸ ಹತ್ತಿ ಬಂದವರ ಬಳಿಗೆ ಬೇರೆ ನರ್ಸುಗಳು ಸೂಜಿ ಹಿಡಿದು ಬಂದರೆ, ಇವರು ದಿಂಬು ಹಿಡಿದು ಬರುತ್ತಿದ್ದರು. ಊಟದ ಮೇಜನ್ನು ಮಂಚಕ್ಕೆ ಅಡ್ಡಲಾಗಿ ಎಳೆದು, ಮೇಲೆ ಎರಡು ದಿಂಬು ಪೇರಿಸಿ, ರೋಗಿಯ ತೋಳುಗಳನ್ನು ಅದಕ್ಕೆ ಊರಿಸಿ, ಮುಂದಕ್ಕೆ ಬಾಗಿಸಿ ಕೂರಿಸುವುದು ಅವರ ಮೊದಲ ಕೆಲಸ. "ಮಲಗಿದ್ರೆ ಉಸಿರೂ ಮಲಗುತ್ತೆ, ಕೂತ್ಕೊಳ್ಳಿ" ಎನ್ನುತ್ತಿದ್ದರು.

ದಿಂಬುಗಳು ಆಸ್ಪತ್ರೆಯವಲ್ಲ. ಅವರ ಗಂಡ ದರ್ಜಿ. ಅಂಗಡಿಯಲ್ಲಿ ಮಿಕ್ಕ ಚೂರುಗಳಿಂದ ಹೊಲಿದುಕೊಟ್ಟಿದ್ದರು. ಒಂದು ಮಗ್ಗುಲಿಗೆ ಪ್ಯಾಂಟಿನ ಬಟ್ಟೆ, ಇನ್ನೊಂದಕ್ಕೆ ಕಿಟಕಿ ಪರದೆಯ ಹೂವು. "ಇಪ್ಪತ್ತೇಳು ವರ್ಷ ಆಯ್ತು ಮದುವೆಯಾಗಿ, ನನ್ನ ಬಟ್ಟೆಗೆ ಒಂದು ಗುಂಡಿ ಹಾಕಿಕೊಟ್ಟಿಲ್ಲ ಮಹಾರಾಯರು. ನಿಮ್ಮ ಪುಣ್ಯ ದೊಡ್ಡದು" ಎಂದು ರೋಗಿಗಳಿಗೆ ಹೇಳಿ ನಗುತ್ತಿದ್ದರು.

ನರ್ಸ್ ಯಾಕಾದಿರಿ ಎಂದು ನಾನೊಮ್ಮೆ ಕೇಳಿದ್ದೆ. "ಮನೆಗೆ ಹಿರಿಯವಳು. ಐದು ಜನ ತಂಗಿ ತಮ್ಮಂದಿರ ಮೂಗು ಒರೆಸಿದೀನಿ. ಅದೇ ಕೆಲಸಕ್ಕೆ ಸಂಬಳ ಕೊಡೋ ಜಾಗ ಇದೆ ಅಂತ ಗೊತ್ತಾಯ್ತು, ಸೇರಿಕೊಂಡೆ" ಎಂದಿದ್ದರು. ಸಂಬಳವಿಲ್ಲದ ಕೆಲಸವೇನೂ ಇದರಿಂದ ತಪ್ಪಿರಲಿಲ್ಲ. ಬೆಳಿಗ್ಗೆ ಐದಕ್ಕೆದ್ದು, ಅತ್ತೆ ಮಾವನೂ ಸೇರಿ ಆರು ಜನರ ಅಡುಗೆ ಮುಗಿಸಿ, ಏಳೂವರೆಗೆ ವಾರ್ಡಿನ ಬಾಗಿಲಲ್ಲಿರುತ್ತಿದ್ದರು. ಬಂದವರೇ ಒಬ್ಬೊಬ್ಬರ ಮಣಿಕಟ್ಟು ಹಿಡಿದು ನಿಲ್ಲುವರು. ನಾಡಿ ನೋಡುತ್ತಿದ್ದಾರೆ ಎಂದು ರೋಗಿ ತಿಳಿಯುತ್ತಿದ್ದ. ಅವರ ಕಣ್ಣು ಮಾತ್ರ ಹೊದಿಕೆಯ ಏರಿಳಿತದ ಮೇಲೆ.

"ಉಸಿರು ಎಣಿಸ್ತೀನಿ ಅಂತ ಹೇಳಿಬಿಟ್ರೆ ಜನ ಉಸಿರನ್ನೂ ಶಿಸ್ತಾಗಿ ಬಿಡ್ತಾರೆ. ನೆಂಟರು ಬಂದಾಗ ಮನೆ ಒಪ್ಪ ಮಾಡಿ ಇಡ್ತೀವಲ್ಲ, ಹಾಗೆ."

ನಮ್ಮ ಅತ್ತೆ ಆ ವಾರ್ಡಿಗೆ ಸೇರಿದ್ದು ಚಳಿಗಾಲದ ಆರಂಭದಲ್ಲಿ. ಒಂದು ದಿನವೂ ಬೀಡಿ ಸಿಗರೇಟು ಮುಟ್ಟಿದವರಲ್ಲ. ಡಾಕ್ಟರು ಉದ್ಯೋಗ ಕೇಳಿದಾಗ ನನ್ನ ಗಂಡ "ಏನಿಲ್ಲ ಸಾರ್, ಮನೇಲೇ ಇರ್ತಾರೆ" ಎಂದರು. ಪಕ್ಕದಲ್ಲಿದ್ದ ದಿಂಬಕ್ಕ ಅತ್ತೆಯ ಕಡೆ ಬಾಗಿ, "ಸೌದೆ ಒಲೆ ಮುಂದೆ ಎಷ್ಟು ವರ್ಷ ಕೂತಿದ್ರಿ ಅಮ್ಮ?" ಎಂದರು. ಅತ್ತೆ ನಾಲ್ಕು ಬೆರಳು ತೋರಿಸಿದರು. ದಿಂಬಕ್ಕ ಚೀಟಿಯಲ್ಲಿ ನಲವತ್ತು ವರ್ಷ ಎಂದು ಬರೆದುಕೊಂಡರು.

ಹನ್ನೊಂದು ದಿನಕ್ಕೆ ಮನೆಗೆ ಕಳಿಸಿದರು. ಮೂಗಿನ ನಳಿಗೆಗೆ ಗಾಳಿ ಕೊಡುವ ಆಕ್ಸಿಜನ್ ಯಂತ್ರವೊಂದು ಜೊತೆಗೆ ಬಂತು. ದಿಂಬಕ್ಕ ನನ್ನ ಗಂಡನನ್ನು ಕೂರಿಸಿಕೊಂಡು ಅರ್ಧ ಗಂಟೆ ಪಾಠ ಮಾಡಿದರು. ಪಂಪಿನ ಔಷಧಿ ಎಳೆದುಕೊಳ್ಳುವುದು ಹೇಗೆ, ಯಂತ್ರದೊಳಗಿನ ಗುಂಡು ಒಂದರ ಗೆರೆಯಲ್ಲೇ ಯಾಕಿರಬೇಕು, ಎಲ್ಲವನ್ನೂ ನನ್ನ ಗಂಡ ಶಾಲೆಯ ಪದ್ಯದಂತೆ ಒಪ್ಪಿಸಿದರು. ದಿಂಬಕ್ಕ "ಮನೆಯವರಿಗೆ ತಿಳಿಸಲಾಗಿದೆ" ಎಂಬ ಸಾಲಿನ ಮುಂದೆ ಗುರುತು ಹಾಕಿ ಸಹಿ ತೆಗೆದುಕೊಂಡರು. ನಾನು ಬಾಗಿಲ ಬಳಿ ಒಂದು ಕೈಯಲ್ಲಿ ಫ್ಲಾಸ್ಕು, ಇನ್ನೊಂದರಲ್ಲಿ ಅತ್ತೆಯ ಬಟ್ಟೆ ಗಂಟು ಹಿಡಿದು ನಿಂತಿದ್ದೆ.

ಮರುದಿನ ಎಂಟು ಗಂಟೆಯ ಬಸ್ಸಿಗೆ ನನ್ನ ಗಂಡ ಕೆಲಸಕ್ಕೆ ಹೋದರು. ಪದ್ಯವೂ ಅವರ ಜೊತೆ ಬಸ್ಸು ಹತ್ತಿತು. "ಯಂತ್ರ ಹಾಕಿದೀನಿ, ನೋಡ್ಕೋ" ಎಂದಷ್ಟೇ ನನಗೆ ಹೇಳಿದ್ದು.

ಐದನೆಯ ದಿನ ಬಚ್ಚಲಿಗೆ ಹೋಗಿ ಬಂದ ಅತ್ತೆಗೆ ಏದುಸಿರು ಹತ್ತಿತು. ಗೋಡೆ ಹಿಡಿದು ನಿಂತು, ಬಾಯಿ ತೆರೆದು, ಕಣ್ಣಿನಲ್ಲೇ ನನ್ನನ್ನು ಕರೆದರು. ನಾನು ಕೂರಿಸಿದೆ, ಬೆನ್ನು ನೀವಿದೆ. ಯಂತ್ರ ನೋಡಿದರೆ ಒಳಗಿನ ಪುಟ್ಟ ಗುಂಡು ಒಂದರಲ್ಲಿ ನಿಂತಿತ್ತು, ಐದರವರೆಗೂ ಗೆರೆಗಳಿದ್ದವು. ಹಸಿದವರಿಗೆ ಒಂದು ತುತ್ತು ಕೊಟ್ಟು ಪಾತ್ರೆ ಮುಚ್ಚಿಟ್ಟ ಹಾಗೆ ಅನ್ನಿಸಿತು. ಗುಂಡಿ ತಿರುಗಿಸಿ ನಾಲ್ಕಕ್ಕೆ ಏರಿಸಿದೆ. ಸ್ವಲ್ಪ ಹೊತ್ತಿಗೆ ಮುಖಕ್ಕೆ ಕೆಂಪು ಬಂತು, ಏದುಸಿರು ಇಳಿಯಿತು, ಕಣ್ಣು ಮುಚ್ಚಿದರು. ಎಷ್ಟೋ ದಿನದ ಮೇಲೆ ನಿದ್ದೆ ಬಂತಲ್ಲ ಎಂದು ನಾನು ಪಾತ್ರೆಗಳನ್ನೂ ಸದ್ದಾಗದಂತೆ ತೊಳೆದೆ. ಮಧ್ಯಾಹ್ನ ಊಟಕ್ಕೆ ಎಬ್ಬಿಸಿದಾಗ "ತಲೆ ಒಡೀತಿದೆ ಕಣೆ" ಎಂದು ತೊದಲಿ ಮತ್ತೆ ಮಲಗಿದರು. ಮೂರು ಗಂಟೆಗೆ ಎಬ್ಬಿಸಿದರೆ ಏಳಲಿಲ್ಲ.

ಆಸ್ಪತ್ರೆಯಲ್ಲಿ ಮಣಿಕಟ್ಟಿನಿಂದ ರಕ್ತ ತೆಗೆದು ನೋಡಿದರು. ಮೂಗು ಬಾಯಿ ಮುಚ್ಚುವ ಬಿಗಿ ಮಾಸ್ಕ್ ಹಾಕಿ, ಉಸಿರನ್ನು ತಳ್ಳುವ ದೊಡ್ಡ ಯಂತ್ರಕ್ಕೆ ಸೇರಿಸಿದರು. ಎಚ್ಚರ ಬರುತ್ತದೋ ಇಲ್ಲವೋ ಈಗಲೇ ಹೇಳಲಾಗದು ಎಂದರು ಡಾಕ್ಟರು. ಗುಂಡಿ ತಿರುಗಿಸಿದ್ದು ಯಾರೆಂದು ಕೇಳಿದರು. ಕೆಲಸದಿಂದ ಓಡಿಬಂದಿದ್ದ ನನ್ನ ಗಂಡ ನನ್ನ ಕಡೆ ತಿರುಗಿದರು.

"ಒಂದರಲ್ಲೇ ಇರಬೇಕು ಅಂತ ಅಷ್ಟು ಹೇಳಿದಾರೆ. ನಿನಗೆ ಯಾರು ಮುಟ್ಟು ಅಂದಿದ್ದು? ಅಮ್ಮಂಗೆ ಏನಾದ್ರೂ ಆದ್ರೆ..."

ಅತ್ತೆಯ ಮೂಗಿನ ಮೇಲೆ ಮಾಸ್ಕ್ ಒತ್ತಿ ಹುಣ್ಣಾಗದಿರಲೆಂದು ಮೆತ್ತನೆಯ ಪಟ್ಟಿ ಅಂಟಿಸುತ್ತಿದ್ದ ದಿಂಬಕ್ಕ ಕೈಕೆಲಸ ಬಿಡದೆಯೇ ಕೇಳಿದರು.

"ಅಷ್ಟು ಹೇಳಿದ್ದು ಯಾರಿಗೆ ಸಾರ್?"

"ನನಗೇ ಹೇಳಿದ್ರಲ್ಲ ಸಿಸ್ಟರ್, ನೀವೇ."

"ಹೌದು, ನಿಮಗೆ ಹೇಳಿದೆ. ಬೆಳಿಗ್ಗೆ ಇವರಿಗೆ ಮುಖ ತೊಳೆಯೋಕೆ ನೀರು ಕೊಡೋರು ಯಾರು?"

ಅವರು ಮತ್ತೆ ನನ್ನ ಕಡೆ ನೋಡಿದರು. ದಿಂಬಕ್ಕ ಡಾಕ್ಟರ ಕಡೆ ತಿರುಗಿದರು. "ತಪ್ಪು ನನ್ನದು ಡಾಕ್ಟರೇ. ಸಹಿ ಹಾಕೋರಿಗೆ ಕಲಿಸಿದೆ. ನೋಡಿಕೊಳ್ಳೋರು ಬಾಗಿಲಲ್ಲೇ ನಿಂತಿದ್ರು, ಒಳಗೆ ಕರೀಲಿಲ್ಲ. ನನ್ನ ಮನೇಲೂ ಎಲ್ಲ ಮಾಡೋಳು ನಾನೇ, ಆದ್ರೂ ನನಗೆ ಹೊಳೀಲಿಲ್ಲ. ವರದಿಯಲ್ಲಿ ಹಾಗೇ ಬರೀತೀನಿ."

ಹಾಗೇ ಬರೆದರು. ನಾನು ಬದುಕಿನಲ್ಲಿ ಎಷ್ಟೋ ತಪ್ಪುಗಳನ್ನು ತಲೆ ಮೇಲೆ ಹೊತ್ತಿದ್ದೇನೆ, ಉಪ್ಪು ಹೆಚ್ಚಾದದ್ದರಿಂದ ಹಿಡಿದು. ಇನ್ನೊಬ್ಬರು ಕೈ ಚಾಚಿ ಹೊರೆ ಇಳಿಸಿಕೊಂಡದ್ದು ಅದೇ ಮೊದಲು.

ಅತ್ತೆಗೆ ಎಚ್ಚರ ಬಾರದ ಮೊದಲ ಎರಡು ದಿನ ದಿಂಬಕ್ಕ ಅವರ ಒಣಗಿದ ತುಟಿಗೆ ಒದ್ದೆ ಹತ್ತಿ ಒತ್ತುವಾಗಲೂ, ಮಗ್ಗುಲು ಬದಲಿಸುವಾಗಲೂ "ಬನ್ನಿ, ಆ ಕಡೆ ಹಿಡೀರಿ" ಎಂದು ನನ್ನನ್ನು ಕರೆದುಕೊಂಡರು. ಗಾಳಿ ಹೆಚ್ಚಾದರೆ ಕೆಡುಕೇನು ಎಂಬುದನ್ನೂ ಆಗಲೇ ಬಿಡಿಸಿ ಹೇಳಿದ್ದು. "ಹೊಗೆ ಹೋಗೋಕೆ ದಾರಿ ಇಲ್ಲದ ಅಡುಗೆಮನೆ ಇವರ ಎದೆ. ಆಕ್ಸಿಜನ್ ಜಾಸ್ತಿ ಕೊಟ್ರೆ ಕೆಟ್ಟ ಗಾಳಿ ಒಳಗೇ ನಿಲ್ಲುತ್ತೆ, ಮಂಪರು ಹತ್ತುತ್ತೆ. ನೀವು ಕೊಟ್ಟಿದ್ದು ಪ್ರೀತಿಯಿಂದಾನೇ. ಅಳತೆ ಹೇಳಿಕೊಡಬೇಕಾಗಿದ್ದೋಳು ನಾನು."

ಮೂರನೆಯ ದಿನ ಬೆಳಿಗ್ಗೆ ಅತ್ತೆ ಕಣ್ಣು ಬಿಟ್ಟರು. ಮಾಸ್ಕ್ ಸರಿಸಿದ ಕೂಡಲೇ ಬಂದ ಮಾತು, "ಎಮ್ಮೆಗೆ ಮೂಗುದಾರ ಹಾಕಿದ ಹಾಗೆ ಏನಿದು?" ದಿಂಬಕ್ಕ ಗಟ್ಟಿಯಾಗಿ ನಕ್ಕರು. ನನಗೆ ಅಳು ಬಂತು. ಯಾಕೆ ಅಳುತ್ತೀಯೆ ಎಂದು ಕೇಳಿ, ನಡೆದದ್ದನ್ನೆಲ್ಲ ಹೇಳಿಸಿಕೊಂಡು, ಅತ್ತೆ ಉಸಿರು ಕೂಡಿಸಿಕೊಳ್ಳುತ್ತ ಮಗನಿಗೆ ಹೇಳಿದರು.

"ಅವಳು ಗಾಳಿ ಜಾಸ್ತಿ ಕೊಟ್ಟಳು. ಕಡಿಮೆ ಮಾಡಿದ್ರೆ ಬೈಯಿ."

ಮನೆಗೆ ಹೋಗುವ ದಿನ ಪಾಠಕ್ಕೆ ಕುರ್ಚಿಯಲ್ಲಿ ಕೂತವಳು ನಾನು. ಔಷಧಿಯ ಪಂಪು, ಬೆರಳಿಗೆ ಸಿಕ್ಕಿಸಿ ರಕ್ತದಲ್ಲಿನ ಆಕ್ಸಿಜನ್ ಅಂಕಿ ನೋಡುವ ಕ್ಲಿಪ್ಪು, ಯಾವ ಅಂಕಿಗೆ ಹೆದರಬೇಕು, ಯಾವುದಕ್ಕೆ ಬೇಡ ಎಲ್ಲವನ್ನೂ ಕಲಿಸಿದರು. ಏದುಸಿರು ಬಂದಾಗ ತುಟಿ ಕೂಡಿಸಿ ನಿಧಾನವಾಗಿ ಬಿಡಬೇಕೆಂದು ಅತ್ತೆಗೆ ತೋರಿಸಿದರು. ಅತ್ತೆ ಕೆನ್ನೆ ಉಬ್ಬಿಸಿ ಊದಿದರು.

"ಒಲೆ ಊದೋ ಹಾಗಲ್ಲ ಅಮ್ಮ. ಮಗೂಗೆ ಬಿಸಿ ಹಾಲು ಆರಿಸೋ ಹಾಗೆ."

ಅತ್ತೆಗೆ ಒಂದೇ ಸಲಕ್ಕೆ ಬಂತು. ಆಮೇಲೆ ದಿಂಬಕ್ಕ ನನ್ನ ಗಂಡನ ಕೈಯಿಂದ ಫೈಲು ತೆಗೆದು ನನಗೆ ಕೊಟ್ಟು, ಅವರ ಅಂಗೈಯಲ್ಲಿ ಯಂತ್ರದ ಧೂಳಿನ ಜಾಲರಿಯನ್ನಿಟ್ಟರು. "ವಾರಕ್ಕೊಂದು ಸಲ ಇದನ್ನ ತೊಳೆದು ಒಣಗಿಸೋದು ನಿಮ್ಮ ಕೆಲಸ ಸಾರ್. ಕಲಿಸೋ ಅಗತ್ಯ ಇಲ್ಲ ಅಲ್ವಾ?" ಪಾಪ, ಅವರು ಇವತ್ತಿಗೂ ಭಾನುವಾರ ತಪ್ಪದೆ ತೊಳೆಯುತ್ತಾರೆ, ಈಗ ಅದರ ಜೊತೆಗೆ ಅತ್ತೆಯ ಬಟ್ಟೆಗಳನ್ನೂ.

ಎರಡು ಚಳಿಗಾಲ ಕಳೆದವು. ಅತ್ತೆ ಮತ್ತೆ ವಾರ್ಡಿಗೆ ಸೇರುವ ಪ್ರಸಂಗ ಬರಲಿಲ್ಲ. ಹೋದ ತಿಂಗಳು ತಪಾಸಣೆಗೆ ಹೋಗಿ, ಹೊರಗಿನ ಬೆಂಚಿನಲ್ಲಿ ನಾವಿಬ್ಬರೂ ಕೂತಿದ್ದೆವು. ಒಳಗೆ ದಿಂಬಕ್ಕನ ದನಿ ಕೇಳುತ್ತಿತ್ತು. ಯಾರೋ ಗಂಡಸು ಎಲ್ಲದಕ್ಕೂ "ಗೊತ್ತಾಯ್ತು, ಗೊತ್ತಾಯ್ತು" ಎನ್ನುತ್ತಿದ್ದ. ಆಮೇಲೆ ಆ ಪ್ರಶ್ನೆ ಬಂತು, "ಬೆಳಿಗ್ಗೆ ಇವರಿಗೆ ಮುಖ ತೊಳೆಯೋಕೆ ನೀರು ಕೊಡೋರು ಯಾರು?"

ಬಾಗಿಲ ಬಳಿ ಫ್ಲಾಸ್ಕು ಹಿಡಿದು ನಿಂತಿದ್ದ ಹೆಂಗಸು ಅದನ್ನು ಈ ಕೈಯಿಂದ ಆ ಕೈಗೆ ಬದಲಿಸಿದಳು. ಒಳಗೆ ಹೋಗಲೋ ಬೇಡವೋ ತಿಳಿಯದೆ ಸುತ್ತ ನೋಡಿದಳು. ಅತ್ತೆ ತುಟಿ ಕೂಡಿಸಿ, ಹಾಲು ಆರಿಸಿದಂತೆ ಒಂದು ಉಸಿರು ಬಿಟ್ಟು, ಕೈ ಚಾಚಿದರು.

"ಹೋಗಮ್ಮ ಒಳಗೆ, ನಿನ್ನೇ ಕರೀತಿರೋದು. ಫ್ಲಾಸ್ಕ್ ಇಲ್ಲಿ ಕೊಡು, ನಾನು ಹಿಡ್ಕೊಂಡಿರ್ತೀನಿ."