ಬಾಯೊಳಗಿನ ಎಲೆ ಮುಗಿಯುವ ಮುಂಚೆ

ಬಾವಿಯಲ್ಲಿ ಮದ್ದು ಇನ್ನೂ ಪೂರ್ತಿ ಸಿಡಿಯದಿದ್ದಾಗ, ಮದ್ದು ಹೊಡೆಯುವ ಕಾಕಾನ ಹಾಗೇ ದನಿ ತೆಗೆದು ನಮ್ಮತ್ತೆಯನ್ನು ಅದರ ಹತ್ತಿರಕ್ಕೆ ಕರೆದವನು ನಾನು. ಎಷ್ಟು ಸುತ್ತಿ ಬಳಸಿದರೂ ಇದೇ ಹೇಳಬೇಕು, ಅದಕ್ಕೇ ಮೊದಲೇ ಹೇಳಿಬಿಟ್ಟೆ.

ದೇವರು ಬುದ್ಧಿ ಹಂಚುವಾಗ ನನ್ನ ಪಾಳಿ ಬರುವಷ್ಟರಲ್ಲಿ ಸ್ಟಾಕು ಮುಗಿದಿತ್ತೇನೋ, ಬದಲಿಗೆ ಮಂದಿಯ ದನಿ ಅಣಕಿಸುವ ಗಂಟಲು ಕೊಟ್ಟ. ಸಿಂಧನೂರು ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರನ ಹಾಗೆ ‘ಮಸ್ಕಿ, ಲಿಂಗಸುಗೂರ್’ ಎಂದು ಕೂಗಿ ಅರ್ಧ ಜಿಲ್ಲೆಯನ್ನೇ ತಪ್ಪು ಬಸ್ಸಿಗೆ ಹತ್ತಿಸಿದ್ದೇನೆ. ನಿಜ ಹೇಳಬೇಕೆಂದರೆ ಹತ್ತಿದ್ದು ಒಬ್ಬ ಮುದುಕ. ಅವನೂ ನನ್ನ ವಂಶಕ್ಕೆಲ್ಲ ಬೈದು ಇಳಿದು ಹೋದ.

ಹೋದ ಬೇಸಿಗೆಯಲ್ಲಿ ಸಂತೆಕಲ್ಲೂರಿನ ಅತ್ತೆಯ ಹೊಲದಲ್ಲಿ ಬಾವಿ ಆಳ ಮಾಡುವ ಕೆಲಸ ನಡೆದಿತ್ತು. ನಮ್ಮ ಗೊರೇಬಾಳದ ಹಾಗೆ ಅಲ್ಲಿ ಕಾಲುವೆ ನೀರಿಲ್ಲ, ಅಗೆದರೆ ಬರೀ ಕಲ್ಲು. ಕಾಕಾ ಕಲ್ಲಿಗೆ ತೂತು ಹಾಕಿಸಿ, ಮದ್ದು ತುಂಬಿ, ಬತ್ತಿ ಹಚ್ಚಿ ಮೇಲೆ ಬರುತ್ತಿದ್ದ. ನಾವೆಲ್ಲ ದೂರದಲ್ಲಿ ಅಡಗಬೇಕು. ಸಿಡಿದು ಮುಗಿಯಿತು ಎನಿಸಿದ ಮೇಲೂ ಅಲುಗುವಂತಿಲ್ಲ. ಕಾಕಾ ಬಾಯಿಗೆ ಎಲೆಯಡಿಕೆ ಹಾಕಿ, ಅವಸರವಿಲ್ಲದೆ ಅಗಿದು, ಉಗುಳಿ, ಒಬ್ಬನೇ ಹೋಗಿ ಬಾವಿಗೆ ಇಣುಕಿ, ಆಮೇಲೆ ‘ಬರ್ರೆಪೋ’ ಎಂದು ಉದ್ದಕ್ಕೆ ಎಳೆದು ಕರೆಯಬೇಕು. ಆ ದನಿ ಬಂದರೆ ಮಾತ್ರ ಜನ ಏಳುತ್ತಿದ್ದರು.

ಊಟಕ್ಕೆ ಕೂತಾಗ ಅವನು ಹಳೆಯ ಸಂಗತಿ ಹೇಳುತ್ತಿದ್ದ. ಬತ್ತಿಗೆ ಸಿಕ್ಕಿಸಿದ ಸಿಡಿಯುವ ಕ್ಯಾಪನ್ನು ಇಕ್ಕಳದಲ್ಲಿ ಒತ್ತುವುದು ಬಿಟ್ಟು ಹಲ್ಲಿನಲ್ಲಿ ಕಚ್ಚಿದವನ ಬಾಯಿ ಏನಾಯಿತು, ತೇವ ಹಿಡಿದ ಮದ್ದನ್ನು ಒಲೆಯ ಪಕ್ಕ ಒಣಗಿಸಿದ ಮನೆಯಲ್ಲಿ ಏನು ಉಳಿಯಿತು, ಎಲೆ ಮುಗಿಯುವ ಮುಂಚೆ ಇಣುಕಿದ್ದಕ್ಕೆ ತನ್ನ ಎಡಗಿವಿ ಹೇಗೆ ಹೋಯಿತು. ಅವರೆಲ್ಲ ಅವನ ಜತೆ ಕೂತು ಉಂಡವರು. ನಾನು ಅದನ್ನೇ ಅವನ ದನಿಯಲ್ಲಿ ತಿರುಗಿಸಿ ಹೇಳಿ ಕೂಲಿಯವರನ್ನು ನಗಿಸಿದೆ. ಕಾಕಾನೂ ನಕ್ಕ. “ನಮ್ಮವ್ವ ಇದ್ದಿದ್ರ ನಿನ್ನ ದನಿಗೆ ಓ ಅಂತಿದ್ಲು ನೋಡು,” ಎಂದ.

ಆ ದಿನ ಮದ್ದಿನ ಸದ್ದು ನಿಂತಿತು. ಕಾಕಾ ಟ್ರ್ಯಾಕ್ಟರ್ ಟ್ರಾಲಿಯ ಆಚೆ ಎಲೆ ಅಗಿಯುತ್ತಿದ್ದ, ಕೇಳದ ಕಿವಿ ನನ್ನ ಕಡೆಗಿತ್ತು. ನಾನು ಬೇವಿನ ಮರದ ಹಿಂದೆ, ಕೈಯಲ್ಲಿ ಮೊಬೈಲು. ತಾನು ಕರೆಯದೆಯೇ ಎಲ್ಲರೂ ಎದ್ದು ಬಂದರೆ, ಬಾಯಿ ತುಂಬ ಎಲೆ ಇಟ್ಟುಕೊಂಡು ಕಾಕಾ ಗಾಬರಿಯಾಗುವ ಮುಖ ವಿಡಿಯೋದಲ್ಲಿ ಎಷ್ಟು ಚೆನ್ನಾಗಿ ಬರುತ್ತದೆ ಎಂದು ಹೊಳೆಯಿತು. ನನ್ನಂಥವರಿಗೆ ಏನೂ ಹೊಳೆಯಬಾರದು. ‘ಬರ್ರೆಪೋ’ ಎಂದು ಕೂಗಿಯೇಬಿಟ್ಟೆ. ಅಷ್ಟು ಚೆನ್ನಾಗಿ ಅವನ ದನಿ ಎಂದೂ ಬಂದಿರಲಿಲ್ಲ.

ಬಣವೆಯ ಹಿಂದಿನಿಂದ ಮೊದಲು ಎದ್ದವಳು ಅತ್ತೆ. ತಲೆಯ ಮೇಲೆ ಕೂಲಿಯವರ ರೊಟ್ಟಿ ಬುಟ್ಟಿ. ನೇರ ಬಾವಿಯ ದಾರಿ ಹಿಡಿದಳು. ನನ್ನ ನಗು ಇನ್ನೂ ಗಂಟಲಲ್ಲೇ ಇತ್ತು, ತಡವಾಗಿ ಉರಿಯುತ್ತಿದ್ದ ಒಂದು ಬತ್ತಿ ಮದ್ದಿಗೆ ಮುಟ್ಟಿತು. ಬುಟ್ಟಿ ಒಂದು ಕಡೆ, ಅತ್ತೆ ಒಂದು ಕಡೆ. ಕಲ್ಲು ಮುಂಗೈಗೆ ಬಡಿದಿತ್ತು. ಒಂದು ಗೇಣು ಈಚೆ ಬಿದ್ದಿದ್ದರೆ ತಲೆ.

ಲಿಂಗಸುಗೂರಿನ ದವಾಖಾನೆಯಲ್ಲಿ ಅತ್ತೆಯ ಕೈಗೆ ಪಟ್ಟಿ ಹಾಕುತ್ತಿದ್ದಾಗ, ಹೊರಗೆ ಅವಳ ಗಂಡ, ನಮ್ಮ ಮಾವ, ಕಾಕಾನ ಅಂಗಿ ಹಿಡಿದಿದ್ದ.

“ನೋಡಲಾರದ ಹೆಂಗ ಕರದಿ? ನಿನ್ನ ದನಿ ನಾನ ಕೇಳೀನಿ.”

ಕಾಕಾ ಬಿಡಿಸಿಕೊಳ್ಳಲಿಲ್ಲ. ಒಂದೇ ಕಿವಿಯ ಮನುಷ್ಯ, ತನ್ನ ಮೇಲೆ ತನಗೇ ಅನುಮಾನ. “ಕರದಿಲ್ಲ ಅನಸ್ತೈತ್ರೀ,” ಎಂದ. ಬಲಗಿವಿ ಉಜ್ಜಿಕೊಂಡು, “ಕರದ್ನೇನೋ. ವಯಸ್ಸಾತು.”

ಮೂರು ತಾಲ್ಲೂಕು ನಗಿಸುವ ನಾನು, ನಾಳೆ ಪರೀಕ್ಷೆ ಇರುವವನ ಹಾಗೆ ಗೋಡೆಯ ಮೇಲಿನ ಲಸಿಕೆಯ ಪೋಸ್ಟರ್ ಓದುತ್ತಾ ನಿಂತೆ. ಈ ಸೀಮೆಯಲ್ಲಿ ಇನ್ನು ಯಾರ ಬಾವಿಗೂ ನಿನ್ನನ್ನು ಕರೆಯದ ಹಾಗೆ ಮಾಡುತ್ತೇನೆ ಎಂದು ಮಾವ ಕಾಕಾನಿಗೆ ಹೇಳಿದ. ಕಾಕಾ ಹೌದೆನ್ನುವಂತೆ ತಲೆ ತಗ್ಗಿಸಿದ. ಅದನ್ನು ನೋಡಲಾಗಲಿಲ್ಲ.

“ಮಾಮಾ, ಕರದಂವ ನಾನ್ರೀ.”

ಮಾವನ ಕೈ ಅಂಗಿ ಬಿಟ್ಟು ನನ್ನ ಕೆನ್ನೆಗೆ ಬಂತು. ಆ ದಿನ ಸರಿಯಾದ ಜಾಗಕ್ಕೆ ಬಿದ್ದದ್ದು ಅದೊಂದೇ.

ಅತ್ತೆಯ ಮೂಳೆ ಕೂಡಿತು, ರೊಟ್ಟಿ ಬಡಿಯುವಷ್ಟು ಬಲ ಇನ್ನೂ ಬಂದಿಲ್ಲ. ಮತ್ತೆ ಕೆಲಸ ಶುರುವಾದಾಗ ಹೋದೆ, ಮೊಬೈಲು ಮನೆಯಲ್ಲಿಟ್ಟು. ಮದ್ದು ಸಿಡಿಯಿತು. ಕಾಕಾ ಎಲೆ ಅಗಿದ, ಉಗುಳಿದ, ಇಣುಕಿದ, ಕರೆದ. ಯಾರೂ ಏಳಲಿಲ್ಲ. ಮತ್ತೊಮ್ಮೆ ಕರೆದ. ಕರೆದವರು ಯಾರೆಂದು ಅತ್ತೆ ಬಣವೆಯ ಹಿಂದಿನಿಂದಲೇ ಕೇಳಿದಳು. ಅವನು ಹೆಗಲ ಮೇಲಿನ ಟವೆಲ್ ತೆಗೆದು ಬೀಸಿದ ಮೇಲೆ ಒಬ್ಬೊಬ್ಬರೇ ಹೊರಬಂದರು.

ಅವನ ಹತ್ತಿರ ಹೋಗಿ, ತಪ್ಪಾಯಿತು ಎಂದೆ. ಬಲಗಿವಿ ಈ ಕಡೆ ತಿರುಗಿಸಿ ಪೂರ್ತಿ ಕೇಳಿಸಿಕೊಂಡ, ಬೈಯಲಿಲ್ಲ. ಟವೆಲ್ ಮಡಚಿ ಹೆಗಲಿಗೆ ಹಾಕಿಕೊಂಡ.

“ಕಿವಿ ಹ್ವಾದಾಗ ಇಷ್ಟು ಅನಿಸಿದ್ದಿಲ್ಲ ತಮ್ಮಾ. ದನಿ ಇತ್ತಲ್ಲ. ಈಗ ಇದನ್ನ ಬೀಸಿದ್ರಷ್ಟ ಬರ್ತಾರ.”